ಬೈದವನನ್ನೇ ಕೊಂಡ ಪೇಟೆ

ಬರ್ಟೋಲ್ಟ್ ಬ್ರೆಕ್ಟ್ ಎಂದ ಕೂಡಲೇ ನಮ್ಮ ಎಂ.ಎ. ವಿದ್ಯಾರ್ಥಿಗಳ ನಾಲಿಗೆಯ ತುದಿಗೆ ಬರುವುದು ‘ಎಪಿಕ್ ರಂಗಭೂಮಿ’, ‘ಏಲಿಯನೇಶನ್’ ಎಂಬ ಎರಡು ಮಾತು. ಒಂದು ಕಡೆ ಹಳೆಯ ರಂಗಭೂಮಿ, ಇನ್ನೊಂದು ಕಡೆ ಹೊಸ ರಂಗಭೂಮಿ ಎಂದು ನಡುವೆ ಗೆರೆ ಎಳೆದ ಒಂದು ಪಟ್ಟಿ ಇದೆ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಬಂದರೆ ಬ್ರೆಕ್ಟ್ ಮುಗಿದ ಹಾಗೆ. ಆದರೆ ಆ ಪಟ್ಟಿಯನ್ನು ಅವನು ಯಾವ ನಾಟಕದ ಟಿಪ್ಪಣಿಗಾಗಿ ಬರೆದ ಅಂತ ಕೇಳಿ ನೋಡಿ, ಹೆಚ್ಚಿನವರು ಸುಮ್ಮನಾಗುತ್ತಾರೆ. ಅದು ‘ಮಹಾಗನಿ ನಗರದ ಏಳುಬೀಳು’ ಎಂಬ ಸಂಗೀತ ನಾಟಕ. ದುಡ್ಡು ಕೊಟ್ಟರೆ ಏನು ಬೇಕಾದರೂ ಸಿಗುವ, ದುಡ್ಡು ಮುಗಿದರೆ ಜೀವವೂ ಉಳಿಯದ ಒಂದು ಊರಿನ ಕತೆ.

ಕೊಳ್ಳುವುದೇ ಬಾಳು ಎಂದು ನಂಬಿದ ಸಮಾಜವನ್ನು ರಂಗದ ಮೇಲೆ ತಂದು ನಿಲ್ಲಿಸಿದ ನಾಟಕಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಇದನ್ನು ಬರೆದವನ ಬದುಕನ್ನೂ ಜೊತೆಗಿಟ್ಟು ನೋಡಬೇಕೆನ್ನುವುದು ಈ ಲೇಖನದ ಉದ್ದೇಶ. ಪೇಟೆಯನ್ನು ಇವನಷ್ಟು ಬೈದ ನಾಟಕಕಾರರು ಕಡಿಮೆ. ಪೇಟೆಯ ವ್ಯವಹಾರವನ್ನು ಇವನಷ್ಟು ಚೆನ್ನಾಗಿ ಬಲ್ಲವರೂ ಕಡಿಮೆ. ಕೊನೆಗೆ ಪೇಟೆ ಅವನನ್ನು ಏನು ಮಾಡಿತು ಎನ್ನುವುದು, ಟಿಕೆಟ್ ಮಾರಿ ನಾಟಕ ಆಡುವ ನಮ್ಮಂಥವರಿಗೆಲ್ಲ ಸಂಬಂಧಪಟ್ಟ ವಿಷಯ.

ಬ್ರೆಕ್ಟ್ ಹುಟ್ಟಿದ್ದು 1898ರ ಫೆಬ್ರವರಿ 10ರಂದು, ದಕ್ಷಿಣ ಜರ್ಮನಿಯ ಆಗ್ಸ್‌ಬರ್ಗ್ ಎಂಬ ಹಳೆಯ ವ್ಯಾಪಾರದ ಊರಿನಲ್ಲಿ. ತಂದೆ ಅಲ್ಲಿನ ಹೈಂಡ್ಲ್ ಕಾಗದದ ಕಾರ್ಖಾನೆಗೆ ಗುಮಾಸ್ತನಾಗಿ ಸೇರಿ, 1914ರ ಹೊತ್ತಿಗೆ ಅದರ ವ್ಯಾಪಾರ ವಿಭಾಗದ ನಿರ್ದೇಶಕನಾದವನು. ಅಂದರೆ ಬಡವರ ಮನೆಯ ಹುಡುಗ ಅಲ್ಲ. ಉಂಡುಟ್ಟು ಸುಖವಾಗಿದ್ದ, ಆಳುಕಾಳಿದ್ದ ಮಧ್ಯಮ ವರ್ಗದ ಮನೆ. ಹುಡುಗ ಶಾಲೆಯಲ್ಲಿರುವಾಗಲೇ ಪದ್ಯ ಬರೆದ. ಗಿಟಾರ್ ಹಿಡಿದು ಗೆಳೆಯರ ಗುಂಪಿನಲ್ಲಿ ತನ್ನ ಹಾಡುಗಳನ್ನು ತಾನೇ ಹಾಡಿದ. 1917ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯ ಸೇರಿ ವೈದ್ಯಶಾಸ್ತ್ರಕ್ಕೆ ಹೆಸರು ಬರೆಸಿದನಾದರೂ ಅವನ ಕಾಲು ಎಳೆಯುತ್ತಿದ್ದುದು ನಾಟಕದ ಕಡೆಗೆ. ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ ಅವನನ್ನು ಊರಿನ ಮಿಲಿಟರಿ ಆಸ್ಪತ್ರೆಯ ಕೆಲಸಕ್ಕೆ ಹಾಕಿದರು.

1922ರಲ್ಲಿ ಮ್ಯೂನಿಕ್‌ನಲ್ಲಿ ‘ರಾತ್ರಿಯ ನಗಾರಿಗಳು’ ಎಂಬ ಅವನ ನಾಟಕ ರಂಗಕ್ಕೆ ಬಂತು. ಅದೇ ವರ್ಷ ಕ್ಲೈಸ್ಟ್ ಬಹುಮಾನವೂ ಬಂತು. ಆಗ ಅವನಿಗೆ 24 ವರ್ಷ. ಅದೇ ವರ್ಷದ ಆರಂಭದಲ್ಲಿ, ಅವಕಾಶ ಹುಡುಕಿಕೊಂಡು ಬರ್ಲಿನ್‌ಗೆ ಹೋಗಿದ್ದಾಗ, ಸರಿಯಾದ ಊಟವಿಲ್ಲದೆ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದನೆಂಬುದನ್ನೂ ಮರೆಯಬಾರದು. ಹೊಟ್ಟೆಯ ಪ್ರಶ್ನೆ ಅವನ ನಾಟಕಗಳಲ್ಲಿ ಮತ್ತೆ ಮತ್ತೆ ಬರುವುದು ಬರೀ ಪುಸ್ತಕದ ಓದಿನಿಂದಲ್ಲ.

ಆ ಕಾಲದ ಜರ್ಮನಿಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಬೇಕು. 1923ರ ನವೆಂಬರ್ ತಿಂಗಳಲ್ಲಿ ಒಂದು ಅಮೆರಿಕನ್ ಡಾಲರಿನ ಬೆಲೆ ಸುಮಾರು 4,20,000 ಕೋಟಿ ಮಾರ್ಕು ಆಗಿತ್ತು. ಬದುಕಿಡೀ ಉಳಿಸಿಟ್ಟ ಹಣದಲ್ಲಿ ಒಂದು ಹೊತ್ತಿನ ರೊಟ್ಟಿಯೂ ಬಾರದ ಸ್ಥಿತಿ. ಮುಂದಿನ ವರ್ಷ ಹೊಸ ನಾಣ್ಯ ಗಟ್ಟಿಯಾಯಿತು, ಅಮೆರಿಕದ ಸಾಲ ಹರಿದುಬಂತು. ಅದರ ಬೆನ್ನಿಗೇ ಜಾಜ್ ಸಂಗೀತ, ಬಾಕ್ಸಿಂಗ್ ಪಂದ್ಯ, ಮೋಟಾರು ಕಾರು, ರೇಡಿಯೋ, ದೀಪದ ಜಾಹೀರಾತು ಎಲ್ಲ ಬಂದವು. ನಿನ್ನೆ ಹಣ ಕಾಗದದ ಚೂರಾದದ್ದನ್ನು ಕಂಡ ಜನ ಇವತ್ತು ಕೈಗೆ ಬಂದದ್ದನ್ನು ಇವತ್ತೇ ಖರ್ಚು ಮಾಡಿ ಸುಖಪಡಬೇಕೆಂದು ಹೊರಟರು. ಬ್ರೆಕ್ಟ್ 1924ರಲ್ಲಿ ಬರ್ಲಿನ್‌ನಲ್ಲಿ ನೆಲೆ ನಿಂತದ್ದು ಇಂಥ ಹೊತ್ತಿನಲ್ಲಿ. ಅವನಿಗೂ ಇವೆಲ್ಲ ಇಷ್ಟವೇ. ಬಾಕ್ಸಿಂಗ್ ನೋಡಲು ಹೋಗುತ್ತಿದ್ದ, ಕಾರಿನ ಹುಚ್ಚು, ಬಾಯಲ್ಲಿ ಯಾವಾಗಲೂ ಚುಟ್ಟಾ, ತೊಗಲಿನ ಜಾಕೆಟ್ಟು, ತಲೆಗೊಂದು ಟೋಪಿ. ಸನ್ಯಾಸಿಯಾಗಿ ದೂರ ನಿಂತು ಪೇಟೆಯನ್ನು ಬೈದವನಲ್ಲ ಅವನು. ಪೇಟೆಯ ನಡುಬೀದಿಯಲ್ಲಿ ನಿಂತು ಬೈದವನು.

1926ರಲ್ಲಿ ಶಿಕಾಗೋದ ಗೋಧಿ ಪೇಟೆಯ ಮೇಲೆ ನಾಟಕ ಬರೆಯಬೇಕೆಂದು ಹೊರಟ. ಗೋಧಿಯ ಬೆಲೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಅಂತ ತಿಳಿದವರನ್ನೆಲ್ಲ ವಿಚಾರಿಸಿದ. ಅವನಿಗೆ ತೃಪ್ತಿಯಾಗುವಂತೆ ವಿವರಿಸುವವರು ಯಾರೂ ಸಿಗಲಿಲ್ಲ. ಜನರ ಅನ್ನದ ಬೆಲೆ ನಿರ್ಧರಿಸುವ ಯಂತ್ರ ಅದನ್ನು ನಡೆಸುವವರಿಗೇ ಅರ್ಥವಾಗುವುದಿಲ್ಲ ಎನ್ನುವುದು ಅವನನ್ನು ತಟ್ಟಿತು. ನಾಟಕ ಅರ್ಧಕ್ಕೇ ನಿಂತಿತು. ಅವನು ಮಾರ್ಕ್ಸನ ‘ಕ್ಯಾಪಿಟಲ್’ ಓದಲು ಕೂತ. ಮಾರ್ಕ್ಸ್‌ವಾದಿಯಾಗಿ ನಾಟಕಕ್ಕೆ ಬಂದವನಲ್ಲ, ನಾಟಕ ಬರೆಯಲು ಹೋಗಿ ಮಾರ್ಕ್ಸನ ಹತ್ತಿರ ಬಂದವನು. ಈ ಕ್ರಮ ಮುಖ್ಯ.

ಮರುವರ್ಷ ಕುರ್ಟ್ ವೈಲ್ ಎಂಬ ತರುಣ ಸಂಗೀತಗಾರ ಜೊತೆಯಾದ. ಬ್ರೆಕ್ಟ್‌ನ ಪದ್ಯಸಂಗ್ರಹದಲ್ಲಿದ್ದ ‘ಮಹಾಗನಿ’ ಹಾಡುಗಳನ್ನು ಹಿಡಿದು ಇಬ್ಬರೂ ಒಂದು ಚಿಕ್ಕ ಗೀತನಾಟಕ ಕಟ್ಟಿದರು. 1927ರ ಜುಲೈನಲ್ಲಿ ಬಾಡೆನ್-ಬಾಡೆನ್ ಎಂಬಲ್ಲಿ ನಡೆದ ಸಂಗೀತೋತ್ಸವದಲ್ಲಿ ಅದು ಪ್ರದರ್ಶನವಾಯಿತು. ರಂಗದ ಮೇಲೆ ಬಾಕ್ಸಿಂಗಿನ ಅಖಾಡ. ಹಾಡಿದವರಲ್ಲಿ ವೈಲ್‌ನ ಹೆಂಡತಿ ಲೋಟೆ ಲೆನ್ಯಾ ಒಬ್ಬಳು. ನಮಗೆ ಕುತೂಹಲ ಹುಟ್ಟಿಸುವ ಸಂಗತಿಯೆಂದರೆ ಅದರಲ್ಲಿ ನಮ್ಮ ಕಾಶಿಯ ಹೆಸರಿನದೇ ಒಂದು ಹಾಡಿದೆ. ಇಲ್ಲಿ ಸುಖವಿಲ್ಲ, ಕಾಶಿಗೆ ಹೋಗೋಣ ಅಂತ ಹೊರಟವರಿಗೆ ಆ ಊರು ಭೂಕಂಪದಲ್ಲಿ ಹಾಳಾದ ಸುದ್ದಿ ಬರುತ್ತದೆ. ದುಡ್ಡಿನ ಊರು ಬಿಟ್ಟು ಓಡಿಹೋಗಲು ಇನ್ನೊಂದು ಪುಣ್ಯಕ್ಷೇತ್ರ ಉಳಿದಿಲ್ಲ ಅನ್ನುವುದು ಇಂಗಿತ.

ಇದನ್ನು ಪೂರ್ಣ ಪ್ರಮಾಣದ ಸಂಗೀತ ನಾಟಕವಾಗಿ ಬೆಳೆಸಬೇಕೆಂದಿರುವಾಗ ನಡುವೆ ಇನ್ನೊಂದು ಕೆಲಸ ಬಂತು. ಔಫ್ರಿಖ್ಟ್ ಎಂಬ ತರುಣ ಬರ್ಲಿನ್‌ನ ಶಿಫ್‌ಬಾವರ್‌ಡಾಮ್ ಥಿಯೇಟರನ್ನು ಬಾಡಿಗೆಗೆ ಹಿಡಿದು, ಆರಂಭಕ್ಕೆ ಒಂದು ನಾಟಕ ಹುಡುಕುತ್ತಿದ್ದ. ಬ್ರೆಕ್ಟ್‌ನ ಜೊತೆ ಕೆಲಸ ಮಾಡುತ್ತಿದ್ದ ಎಲಿಜಬೆತ್ ಹೌಪ್ಟ್‌ಮಾನ್ ಆಗಲೇ ಜಾನ್ ಗೇ ಬರೆದ 1728ರ ಇಂಗ್ಲಿಷ್ ‘ಭಿಕ್ಷುಕರ ಅಪೆರಾ’ವನ್ನು ಜರ್ಮನ್‌ಗೆ ತರುತ್ತಿದ್ದಳು. ಅದೇ ‘ಮೂರು ಕಾಸಿನ ಅಪೆರಾ’ ಆಯಿತು. 1928ರ ಆಗಸ್ಟ್ 31ರಂದು ಮೊದಲ ಪ್ರಯೋಗ. ಭಿಕ್ಷೆ ಬೇಡುವುದನ್ನೇ ಕಂಪನಿ ಮಾಡಿಕೊಂಡು, ಭಿಕ್ಷುಕರಿಗೆ ಹರಕು ಬಟ್ಟೆ, ಕುಂಟು ಕಾಲು ಬಾಡಿಗೆಗೆ ಕೊಡುವ ಪೀಚಮ್. ಲೆಕ್ಕಪತ್ರ ಇಟ್ಟು ದರೋಡೆ ಮಾಡುವ ಮೆಕ್‌ಹೀತ್. ಅವನ ಜೊತೆ ಪಾಲುದಾರಿಕೆ ಇರುವ ಪೋಲೀಸ್ ಮುಖ್ಯಸ್ಥ. ಕಳ್ಳನಿಗೂ ಸಾಹುಕಾರನಿಗೂ ಇರುವ ವ್ಯತ್ಯಾಸ ಎಲ್ಲಿ ಅಂತ ಕೇಳುವ ನಾಟಕ ಇದು.

ಸಾಹುಕಾರರಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವರು ಸಾಲುಗಟ್ಟಿ ಟಿಕೆಟ್ ಕೊಂಡರು! ಹಾಡುಗಳು ಊರೆಲ್ಲ ಹಬ್ಬಿದವು, ಗ್ರಾಮಫೋನ್ ತಟ್ಟೆಗಳು ಬಂದವು. ಈ ನಾಟಕದ ಸಂಗೀತವನ್ನು ಮಾತ್ರ ನುಡಿಸುವ ಒಂದು ಬಾರ್ ಕೂಡ ಬರ್ಲಿನ್‌ನಲ್ಲಿ ತೆರೆಯಿತು. ತಮ್ಮನ್ನು ಬೈಯುವುದನ್ನು ಕೇಳಲು ಜನ ದುಡ್ಡು ಕೊಟ್ಟು ಬಂದರು, ತಾಳ ಹಾಕಿದರು, ಊಟ ಮಾಡಿ ಮನೆಗೆ ಹೋಗಿ ಮಲಗಿದರು. ಪೇಟೆಯ ಹೊಟ್ಟೆ ಎಷ್ಟು ದೊಡ್ಡದು ಎನ್ನುವುದು ಬ್ರೆಕ್ಟ್‌ಗೆ ಚೆನ್ನಾಗಿ ತಿಳಿದದ್ದು ಈ ಗೆಲುವಿನಿಂದ.

ಅವನ ಸ್ವಂತ ವ್ಯವಹಾರವನ್ನೂ ಇಲ್ಲಿ ಹೇಳಿಬಿಡಬೇಕು. ನಾಟಕದ ಆದಾಯದಲ್ಲಿ ನೂರಕ್ಕೆ 62.5 ಪಾಲು ಬ್ರೆಕ್ಟ್‌ಗೆ, 25 ವೈಲ್‌ಗೆ, ಮೂಲವನ್ನು ಜರ್ಮನ್‌ಗೆ ತಂದ ಹೌಪ್ಟ್‌ಮಾನ್‌ಗೆ 12.5. ಫ್ರೆಂಚ್ ಕವಿ ವಿಯೋನ್‌ನ ಪದ್ಯಗಳ ಜರ್ಮನ್ ಅನುವಾದದಿಂದ ಸಾಲುಗಳನ್ನು ಹೇಳದೆ ಕೇಳದೆ ಎತ್ತಿಕೊಂಡಿದ್ದಾನೆ ಎಂದು ವಿಮರ್ಶಕ ಆಲ್ಫ್ರೆಡ್ ಕೆರ್ 1929ರಲ್ಲಿ ಬಯಲಿಗೆಳೆದ. ಬ್ರೆಕ್ಟ್ ನಾಚಿಕೊಳ್ಳಲಿಲ್ಲ, ಬರಹದ ಒಡೆತನದ ವಿಷಯದಲ್ಲಿ ತಾನು ಸಡಿಲ ಮನುಷ್ಯ ಎಂದು ಒಪ್ಪಿಕೊಂಡು ಸುಮ್ಮನಾದ. ಇನ್ನೂ ಒಂದು ಸ್ವಾರಸ್ಯವಿದೆ. ಆಸ್ಟ್ರಿಯಾದ ಸ್ಟೈರ್ ಕಾರು ಕಂಪನಿಗೆ ಜಾಹೀರಾತಿನ ಪದ್ಯ ಬರೆದುಕೊಟ್ಟು ಅದಕ್ಕೆ ಪ್ರತಿಯಾಗಿ ಒಂದು ಕಾರು ಪಡೆದಿದ್ದ. 1929ರಲ್ಲಿ ಆ ಕಾರು ಮರಕ್ಕೆ ಗುದ್ದಿ ಹಾಳಾಯಿತು. ಆಗ ಒಂದು ಪತ್ರಿಕೆಯಲ್ಲಿ ಅಪಘಾತ ಹೇಗಾಯಿತು, ಅದರಿಂದ ಹೇಗೆ ಪಾರಾದದ್ದು ಎನ್ನುವುದನ್ನು ಮತ್ತೆ ಆಡಿ ತೋರಿಸಿದ ಫೋಟೋಗಳು ಅಚ್ಚಾದವು. ಕಾರು ಎಷ್ಟು ಗಟ್ಟಿ ಅಂತ ಕಂಪನಿಗೆ ಪುಕ್ಕಟೆ ಪ್ರಚಾರ ಸಿಕ್ಕಿತು, ಬ್ರೆಕ್ಟ್‌ಗೆ ಹೊಸ ಕಾರು ಸಿಕ್ಕಿತು. ಕಾಸಿಗೆ ತಕ್ಕ ಕಜ್ಜಾಯ!

ಇವನನ್ನು ಕಪಟಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಮಹಾಗನಿಯನ್ನು ಬರೆಯಲು ಇಂಥವನೇ ಬೇಕಾಗಿತ್ತೇನೋ. ಪೇಟೆಯ ರುಚಿ ನೋಡದವನಿಗೆ ಅದರ ವಿಷ ಎಲ್ಲಿದೆ ಅಂತ ಗೊತ್ತಾಗುವುದು ಕಷ್ಟ.

ಈಗ ನಾಟಕಕ್ಕೆ ಬರೋಣ. ಪೋಲೀಸರಿಂದ ತಪ್ಪಿಸಿಕೊಂಡು ಓಡುತ್ತಿರುವ ಮೂವರು: ವಿಧವೆ ಬೆಗ್‌ಬಿಕ್, ಫ್ಯಾಟಿ, ಟ್ರಿನಿಟಿ ಮೋಸೆಸ್. ಮರುಭೂಮಿಯಲ್ಲಿ ಅವರ ಲಾರಿ ಕೆಟ್ಟು ನಿಲ್ಲುತ್ತದೆ. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಹೋದರೆ ಜೈಲು. ಬೆಗ್‌ಬಿಕ್‌ಗೆ ಒಂದು ಉಪಾಯ ಹೊಳೆಯುತ್ತದೆ. ಹೊಳೆಯ ಮರಳಿನಿಂದ ಚಿನ್ನ ತೆಗೆಯುವುದು ಕಷ್ಟದ ಕೆಲಸ, ಚಿನ್ನ ತೆಗೆದ ಗಂಡಸರ ಜೇಬಿನಿಂದ ಅದನ್ನು ತೆಗೆಯುವುದು ಸುಲಭ. ಅಲ್ಲೇ ಒಂದು ಊರು ಕಟ್ಟೋಣ. ಅಲ್ಲಿ ಕೆಲಸವಿಲ್ಲ, ಕಷ್ಟವಿಲ್ಲ. ಕುಡಿತ, ಜೂಜು, ಹೆಣ್ಣು, ನಿದ್ದೆ. ಹೀಗೆ ಹುಟ್ಟುತ್ತದೆ ಮಹಾಗನಿ. ಅಲ್ಲಿ ಏನೂ ತಯಾರಾಗುವುದಿಲ್ಲ ಎನ್ನುವುದನ್ನು ಗಮನಿಸಬೇಕು. ಅದು ಬರೀ ಕೊಳ್ಳುವವರ ಊರು.

ಅಲಾಸ್ಕಾದ ಚಳಿಯಲ್ಲಿ ಏಳು ವರ್ಷ ಮರ ಕಡಿದು ದುಡ್ಡು ಕೂಡಿಟ್ಟ ನಾಲ್ವರು ಗೆಳೆಯರು ಅಲ್ಲಿಗೆ ಬರುತ್ತಾರೆ. ಅವರಲ್ಲಿ ಒಬ್ಬ ಜಿಮ್. ಕೆಲವು ಪ್ರತಿಗಳಲ್ಲಿ ಅವನ ಹೆಸರು ಪೌಲ್. ಜೆನ್ನಿ ಎಂಬ ಹುಡುಗಿಯನ್ನು ಬೆಲೆ ಮಾತಾಡಿ ಜೊತೆ ಮಾಡಿಕೊಳ್ಳುತ್ತಾನೆ. ಮೊದಮೊದಲು ಎಲ್ಲ ಚೆನ್ನಾಗಿಯೇ ಇರುತ್ತದೆ. ಆಮೇಲೆ ಅವನಿಗೆ ಬೇಸರ ಹಿಡಿಯುತ್ತದೆ. ಊರಿನಲ್ಲಿ ಎಲ್ಲೆಲ್ಲೂ ಇದು ಮಾಡಬೇಡಿ, ಅದು ಮಾಡಬೇಡಿ ಎಂಬ ಫಲಕಗಳು. ಶಾಂತಿ ಇದೆ, ಸೌಕರ್ಯ ಇದೆ, ಆದರೂ ಏನೋ ಇಲ್ಲ. ಇಷ್ಟರಲ್ಲಿ ಒಂದು ಚಂಡಮಾರುತ ಊರಿನ ಕಡೆ ಬರುತ್ತಿರುವ ಸುದ್ದಿ. ನಾಳೆ ಎಲ್ಲ ಸಾಯುವವರೇ ಎಂದಾದಾಗ ಜಿಮ್‌ಗೆ ಜ್ಞಾನೋದಯವಾಗುತ್ತದೆ: ಯಾವುದಕ್ಕೂ ನಿಷೇಧ ಬೇಡ, ಯಾರಿಗೆ ಏನು ಬೇಕೋ ಅದನ್ನು ಮಾಡಲಿ. ಚಂಡಮಾರುತವೋ, ಊರಿನ ಹತ್ತಿರ ಬಂದು ಪಕ್ಕಕ್ಕೆ ಸರಿದು ಹೋಗುತ್ತದೆ. ಪ್ರಕೃತಿ ಮಹಾಗನಿಯನ್ನು ಮುಟ್ಟಲಿಲ್ಲ. ಮುಂದಿನದೆಲ್ಲ ಮನುಷ್ಯರೇ ಮಾಡಿಕೊಂಡದ್ದು.

ಇಲ್ಲಿಂದ ನಾಟಕ ನಾಲ್ಕು ಮೆಟ್ಟಿಲಲ್ಲಿ ಇಳಿಯುತ್ತದೆ: ತಿನ್ನುವುದು, ಕಾಮ, ಹೊಡೆದಾಟ, ಕುಡಿತ. ಒಬ್ಬ ಗೆಳೆಯ ಕರುವಿನ ಮಾಂಸ ತಿಂದು ತಿಂದು ಊಟದ ಮೇಜಿನಲ್ಲೇ ಸಾಯುತ್ತಾನೆ. ಸುತ್ತ ನಿಂತವರು ಅವನು ಎಂಥ ತೃಪ್ತ ಮನುಷ್ಯ ಎಂದು ಟೋಪಿ ತೆಗೆಯುತ್ತಾರೆ. ಎರಡನೆಯ ಮೆಟ್ಟಿಲಲ್ಲಿ ಗಂಡಸರು ಬಾಗಿಲ ಹೊರಗೆ ಸರದಿಯಲ್ಲಿ ನಿಂತಿರುತ್ತಾರೆ. ಇನ್ನೊಬ್ಬ ಗೆಳೆಯ ಜೋ ತನಗಿಂತ ಬಲಶಾಲಿಯಾದ ಮೋಸೆಸ್‌ನ ಜೊತೆ ಬಾಕ್ಸಿಂಗಿಗೆ ಇಳಿಯುತ್ತಾನೆ. ಸ್ನೇಹಕ್ಕಾಗಿ ಜಿಮ್ ತನ್ನ ಹಣವನ್ನೆಲ್ಲ ಅವನ ಮೇಲೆ ಕಟ್ಟುತ್ತಾನೆ. ಜೋ ಅಖಾಡದಲ್ಲೇ ಸಾಯುತ್ತಾನೆ, ಜಿಮ್‌ನ ಜೇಬು ಬರಿದು. ಅದು ಗೊತ್ತಿಲ್ಲದವನಂತೆ ಎಲ್ಲರಿಗೂ ವಿಸ್ಕಿ ಕೊಡಿಸುತ್ತಾನೆ. ಬಿಲ್ಲು ಬಂದಾಗ ಕೊಡಲು ಕಾಸಿಲ್ಲ.

ಮುಂದೆ ನ್ಯಾಯಾಲಯ. ಅದರ ಬಾಗಿಲಲ್ಲಿ ಮೋಸೆಸ್ ನಿಂತು ವಿಚಾರಣೆ ನೋಡಲು ಬಂದವರಿಗೆ ಟಿಕೆಟ್ ಮಾರುತ್ತಾನೆ! ಜಿಮ್‌ಗಿಂತ ಮುಂಚೆ ಒಬ್ಬ ಕೊಲೆಗಾರನ ವಿಚಾರಣೆ ಇದೆ. ಅವನು ಕೂತಲ್ಲಿಂದಲೇ ಬೆರಳೆಣಿಸಿ ಲಂಚದ ಮೊತ್ತ ತೋರಿಸುತ್ತಾನೆ, ಬಿಡುಗಡೆಯಾಗುತ್ತಾನೆ. ಹಣ ಅಂದರೆ ಹೆಣವೂ ಬಾಯಿ ಬಿಡುತ್ತದೆ ಅನ್ನುವುದು ನಮ್ಮ ಗಾದೆ. ಇಲ್ಲಿ ಹಣ ಹೆಣದ ಬಾಯಿ ಮುಚ್ಚಿಸುತ್ತದೆ. ಆಮೇಲೆ ಜಿಮ್. ಗೆಳೆಯನ ಸಾವಿಗೆ ಕಾರಣನಾದದ್ದಕ್ಕೆ ಎರಡು ದಿನ. ಹುಡುಗಿಯನ್ನು ಕೆಡಿಸಿದ್ದಕ್ಕೆ ನಾಲ್ಕು ವರ್ಷ. ಚಂಡಮಾರುತದ ರಾತ್ರಿ ನಿಷಿದ್ಧ ಹಾಡು ಹಾಡಿದ್ದಕ್ಕೆ ಹತ್ತು ವರ್ಷ. ಮೂರು ಬಾಟಲಿ ವಿಸ್ಕಿ, ಒಂದು ಪರದೆಯ ಕೋಲು, ಇವುಗಳ ಹಣ ಕೊಡದಿದ್ದಕ್ಕೆ ಮರಣದಂಡನೆ. ಅಲಾಸ್ಕಾದಲ್ಲಿ ಏಳು ವರ್ಷ ಜೊತೆಗಿದ್ದ ಗೆಳೆಯ ಸಾಲ ಕೊಡುವುದಿಲ್ಲ. ಜೆನ್ನಿಯೂ ಕೊಡುವುದಿಲ್ಲ. ಜಿಮ್ ಸಾಯುತ್ತಾನೆ. ಬೆಲೆ ಏರಿ, ಜಗಳ ಎದ್ದು, ಊರು ಹೊತ್ತಿ ಉರಿಯುತ್ತಿರುವಾಗ ಜನ ಒಂದಕ್ಕೊಂದು ವಿರುದ್ಧವಾದ ಘೋಷಣೆಗಳ ಫಲಕ ಹಿಡಿದು ಮೆರವಣಿಗೆ ಹೊರಡುತ್ತಾರೆ.

ನಗುವ ಹಾಗಿದೆ, ನಕ್ಕೂ ನಗುತ್ತೇವೆ. ಆದರೆ ಆ ತೀರ್ಪಿನ ಲೆಕ್ಕ ಒಮ್ಮೆ ಕೇಳಿದ ಮೇಲೆ ಕಿವಿ ಬಿಟ್ಟು ಹೋಗುವುದಿಲ್ಲ. ಉಳಿದ ಅಪರಾಧಗಳಿಗೆಲ್ಲ ದರಪಟ್ಟಿ ಇದೆ, ರಿಯಾಯಿತಿ ಇದೆ. ಕೊಳ್ಳುವ ಶಕ್ತಿ ಇಲ್ಲದವನಿಗೆ ಮಾತ್ರ ಆ ಊರಿನಲ್ಲಿ ಜಾಗ ಇಲ್ಲ. ದುಡ್ಡೇ ದೊಡ್ಡಪ್ಪ ಎನ್ನುವ ಮಾತನ್ನು ಅದರ ಕೊನೆ ಮುಟ್ಟುವವರೆಗೆ ಎಳೆದು ತೋರಿಸಿದ ನಾಟಕ ಇದು.

1930ರ ಮಾರ್ಚ್ 9ರಂದು ಲೈಪ್‌ಜಿಗ್‌ನಲ್ಲಿ ಮೊದಲ ಪ್ರದರ್ಶನ. ನಾಜಿಗಳು ಒಳಗೆ ನುಗ್ಗಿ ಗಲಾಟೆ ಎಬ್ಬಿಸಿದರು. ಅದಕ್ಕೆ ಕೆಲವೇ ತಿಂಗಳ ಹಿಂದೆ ನ್ಯೂಯಾರ್ಕಿನ ಷೇರುಪೇಟೆ ಕುಸಿದಿತ್ತು. 1932ರ ಹೊತ್ತಿಗೆ ಜರ್ಮನಿಯಲ್ಲಿ ಸುಮಾರು 60 ಲಕ್ಷ ಜನ ನಿರುದ್ಯೋಗಿಗಳಾದರು. ಕಲ್ಪನೆಯ ಮರುಭೂಮಿಯ ಊರು ಬರ್ಲಿನ್‌ನ ಬಾಗಿಲಿಗೇ ಬಂದು ನಿಂತಿತ್ತು. ನಾಟಕದ ಟಿಪ್ಪಣಿಯಲ್ಲಿ ಬ್ರೆಕ್ಟ್ ಬರೆದದ್ದರ ಸಾರ ಇಷ್ಟು: ಅಪೆರಾ ಎನ್ನುವುದು ಅಡುಗೆಮನೆಯ ಸರಕಾಗಿದೆ, ರುಚಿ ನೋಡಿ ಚಪ್ಪರಿಸುವ ತಿನಿಸು. ಲೇಖಕ ತಾನು ರಂಗಮಂದಿರವನ್ನು ಬಳಸುತ್ತಿದ್ದೇನೆ ಎಂದುಕೊಂಡಿರುತ್ತಾನೆ, ನಿಜದಲ್ಲಿ ರಂಗಮಂದಿರ ಅವನನ್ನು ಬಳಸುತ್ತಿರುತ್ತದೆ. ಪ್ರೇಕ್ಷಕ ಮೈಮರೆಯಬಾರದು, ಲೆಕ್ಕ ಹಾಕಬೇಕು. ನಾವು ಉರುಹೊಡೆಯುವ ಆ ಪಟ್ಟಿ ಬಂದದ್ದು ಈ ಮಾತಿನ ಬೆನ್ನಿಗೆ. ‘ಮೂರು ಕಾಸಿನ’ ನಾಟಕದ ಗೆಲುವು ಅವನಿಗೆ ಕಲಿಸಿದ ಪಾಠವದು.

ಅದೇ ವರ್ಷ ಇನ್ನೊಂದು ಪಾಠ. ‘ಮೂರು ಕಾಸಿನ ಅಪೆರಾ’ವನ್ನು ಸಿನಿಮಾ ಮಾಡಲು ನೀರೋ ಫಿಲ್ಮ್ ಕಂಪನಿ ಹಕ್ಕು ಕೊಂಡಿತ್ತು. ಬ್ರೆಕ್ಟ್ ಕತೆಯನ್ನು ಇನ್ನೂ ಹರಿತ ಮಾಡಿ ಬರೆದುಕೊಟ್ಟ. ಕಂಪನಿಗೆ ಬೇಕಾದದ್ದು ಗೆದ್ದ ನಾಟಕ, ಹರಿತವಾದದ್ದಲ್ಲ. ಅವನು ಕೋರ್ಟಿಗೆ ಹೋದ, ಸೋತ. ಆಮೇಲೆ ಹಣ ತೆಗೆದುಕೊಂಡು ರಾಜಿಯಾದ. ಪಾಬ್ಸ್ಟ್‌ನ ನಿರ್ದೇಶನದಲ್ಲಿ ಚಿತ್ರ 1931ರಲ್ಲಿ ಹೊರಬಂತು. ಬ್ರೆಕ್ಟ್ ಆ ಮೊಕದ್ದಮೆಯ ಮೇಲೆ ಒಂದು ಉದ್ದನೆಯ ಪ್ರಬಂಧ ಬರೆದ. ಕಲೆ ಪವಿತ್ರ, ಲೇಖಕ ಸ್ವತಂತ್ರ ಎಂದು ಮಾತಾಡುವ ಸಮಾಜ ಕೋರ್ಟಿನಲ್ಲಿ ಕಲೆಯನ್ನು ಸರಕು ಎಂದೇ ನೋಡುತ್ತದೆ ಎನ್ನುವುದನ್ನು ತೋರಿಸಲು ತಾನು ಮಾಡಿದ ಪ್ರಯೋಗ ಅದು ಎಂದು ವಾದಿಸಿದ. ಸೋತ ಮೊಕದ್ದಮೆಯಿಂದಲೂ ಒಂದು ಪುಸ್ತಕದ ಸಾಮಗ್ರಿ ತೆಗೆದವನು ಅವನು.

1933ರ ಫೆಬ್ರವರಿ 27ರ ರಾತ್ರಿ ಬರ್ಲಿನ್‌ನ ಪಾರ್ಲಿಮೆಂಟು ಭವನ ಹೊತ್ತಿ ಉರಿಯಿತು. ಮರುದಿನವೇ ಬ್ರೆಕ್ಟ್ ಹೆಂಡತಿ ಹೆಲೆನೆ ವೈಗೆಲ್‌ಳೊಡನೆ ದೇಶ ಬಿಟ್ಟ. ಮೇ ತಿಂಗಳಲ್ಲಿ ಅವನ ಪುಸ್ತಕಗಳನ್ನು ಬೆಂಕಿಗೆ ಹಾಕಿದರು. ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್, ಅಲ್ಲಿಂದ ರಷ್ಯಾ ದಾಟಿ ಹಡಗು ಹತ್ತಿ 1941ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ. ಜೊತೆಗೆ ಹೊರಟಿದ್ದ ಸಹಾಯಕಿ ಮಾರ್ಗರೆಟೆ ಸ್ಟೆಫಿನ್ ಕ್ಷಯದಿಂದ ಮಾಸ್ಕೋದಲ್ಲೇ ತೀರಿಕೊಂಡಳು. ಈ ಅಲೆದಾಟದ ವರ್ಷಗಳಲ್ಲೇ ಅವನ ದೊಡ್ಡ ನಾಟಕಗಳು ಹುಟ್ಟಿದವು. ‘ಮದರ್ ಕರೇಜ್’ನಲ್ಲಿ ಯುದ್ಧದ ಬೆನ್ನು ಹತ್ತಿ ಸಾಮಾನು ಮಾರುವ ಹೆಂಗಸು ವ್ಯಾಪಾರದ ಗಡಿಬಿಡಿಯಲ್ಲೇ ಮೂವರು ಮಕ್ಕಳನ್ನೂ ಕಳೆದುಕೊಂಡು, ಮತ್ತೆ ಒಬ್ಬಳೇ ಗಾಡಿ ಎಳೆಯುತ್ತಾ ಹೊರಡುತ್ತಾಳೆ. ಕೆ.ವಿ. ಸುಬ್ಬಣ್ಣನವರು ‘ಸೆಜುವಾನ್ ನಗರದ ಸಾಧ್ವಿ’ಯಾಗಿ ಕನ್ನಡಕ್ಕೆ ತಂದ ನಾಟಕದಲ್ಲಿ, ಒಳ್ಳೆಯವಳಾದ ಹುಡುಗಿ ತನ್ನ ಹೊಗೆಸೊಪ್ಪಿನ ಅಂಗಡಿ ಉಳಿಸಿಕೊಳ್ಳಲು ಆಗಾಗ ಕಲ್ಲೆದೆಯ ಗಂಡಸಿನ ವೇಷ ಹಾಕಬೇಕಾಗುತ್ತದೆ. ಅಂಗಡಿ ನಡೆಯಬೇಕು, ಒಳ್ಳೆಯತನವೂ ಉಳಿಯಬೇಕು ಅಂದ್ರೆ ಹೇಗೆ ಅನ್ನುವುದು ಪ್ರಶ್ನೆ.

ಬ್ರೆಕ್ಟ್ ಮಹಾಗನಿ ಬರೆಯುವಾಗ ಅಮೆರಿಕ ನೋಡಿರಲಿಲ್ಲ. ಈಗ ಬಂದು ನಿಂತದ್ದು ಹಾಲಿವುಡ್‌ನ ಪಕ್ಕದಲ್ಲಿ. ಹೊಟ್ಟೆಪಾಡಿಗೆ ಸಿನಿಮಾ ಕತೆ ಹೊತ್ತುಕೊಂಡು ಸ್ಟುಡಿಯೋಗಳಿಗೆ ಅಲೆದ. ಫ್ರಿಟ್ಜ್ ಲಾಂಗ್‌ನ 1943ರ ಒಂದು ಚಿತ್ರಕ್ಕೆ ಕತೆ ಕೊಟ್ಟದ್ದನ್ನು ಬಿಟ್ಟರೆ ಹೆಚ್ಚಿನವು ಬಿಕರಿಯಾಗಲಿಲ್ಲ. ತಾನೇ ಕಟ್ಟಿದ ಊರಿನಲ್ಲಿ ತಾನೇ ಕಾಸಿಲ್ಲದ ಗಿರಾಕಿಯಾದ. 1947ರ ಅಕ್ಟೋಬರ್ 30ರಂದು ಕಮ್ಯೂನಿಸ್ಟರನ್ನು ಹುಡುಕುತ್ತಿದ್ದ ಸಂಸತ್ ಸಮಿತಿಯ ಮುಂದೆ ಕೂತು ಚುಟ್ಟಾ ಸೇದುತ್ತಾ ಉತ್ತರ ಕೊಟ್ಟ. ತಾನು ಪಕ್ಷದ ಸದಸ್ಯನಲ್ಲ ಅಂದ. ಮರುದಿನ ವಿಮಾನ ಹತ್ತಿ ಯುರೋಪಿಗೆ ಹೊರಟುಬಿಟ್ಟ.

ಪೂರ್ವ ಬರ್ಲಿನ್‌ನಲ್ಲಿ 1949ರಲ್ಲಿ ‘ಬರ್ಲಿನರ್ ಅನ್ಸಾಂಬ್ಲ್’ ತಂಡ ಆರಂಭವಾಯಿತು. 1954ರಲ್ಲಿ ಅದಕ್ಕೆ ಸ್ವಂತ ಮನೆ ಸಿಕ್ಕಿತು. ಯಾವ ಮನೆ? 1928ರಲ್ಲಿ ‘ಮೂರು ಕಾಸಿನ’ ನಾಟಕ ಗೆದ್ದ ಅದೇ ಶಿಫ್‌ಬಾವರ್‌ಡಾಮ್ ಥಿಯೇಟರು. ಈಗ ಟಿಕೆಟ್ಟಿನ ಲೆಕ್ಕ ಅವನನ್ನು ಕಾಡಲಿಲ್ಲ, ಸರಕಾರ ಸಾಕುತ್ತಿತ್ತು. ಆದರೆ ಸಾಕುವ ಕೈಯೂ ಬೆಲೆ ಕೇಳುತ್ತದೆ. 1953ರ ಜೂನ್ 17ರಂದು ಕಾರ್ಮಿಕರೇ ಬೀದಿಗಿಳಿದಾಗ ಸರಕಾರಕ್ಕೆ ಬ್ರೆಕ್ಟ್ ಕಳಿಸಿದ ಕಾಗದದಲ್ಲಿ ಬೆಂಬಲದ ಮಾತೂ ಇತ್ತು, ಜನರ ಜೊತೆ ಚರ್ಚೆಯಾಗಬೇಕೆಂಬ ಮಾತೂ ಇತ್ತು. ಪತ್ರಿಕೆಯಲ್ಲಿ ಅಚ್ಚಾದದ್ದು ಬೆಂಬಲದ ಭಾಗ ಮಾತ್ರ. ಕಮ್ಯೂನಿಸ್ಟ್ ದೇಶದಲ್ಲಿ ವಾಸ, ಜೇಬಿನಲ್ಲಿ ಆಸ್ಟ್ರಿಯಾದ ಪಾಸ್‌ಪೋರ್ಟು, ಪುಸ್ತಕದ ಪ್ರಕಾಶಕ ಪಶ್ಚಿಮ ಜರ್ಮನಿಯವನು. ಕೊನೆಯವರೆಗೂ ಅವನು ಬಾಗಿಲು ಒಂದೇ ಇರುವ ಕೋಣೆಯಲ್ಲಿ ಕೂರಲಿಲ್ಲ. 1956ರ ಆಗಸ್ಟ್ 14ರಂದು ತೀರಿಕೊಂಡ, ವಯಸ್ಸು 58. ಮನೆಯ ಪಕ್ಕದ ಸ್ಮಶಾನದಲ್ಲಿ ಹೆಸರು ಮಾತ್ರ ಇರುವ ಒಂದು ಕಲ್ಲಿನ ಕೆಳಗೆ ಮಣ್ಣಾದ. ಅವನನ್ನು ಕಾಣಲೆಂದು ಆ ವರ್ಷ ಬರ್ಲಿನ್ ತಲುಪಿದ ನಮ್ಮ ಹಬೀಬ್ ತನ್ವೀರ್ ಅವರಿಗೆ ಸಿಕ್ಕಿದ್ದು ಅವನ ನಾಟಕಗಳು ಮಾತ್ರ.

ಅವನ ಹೆಸರಿನಲ್ಲಿ ಬಂದ ನಾಟಕಗಳಲ್ಲಿ ಹೌಪ್ಟ್‌ಮಾನ್, ಸ್ಟೆಫಿನ್, ರುತ್ ಬೆರ್ಲೌ ಮುಂತಾದ ಹೆಂಗಸರ ದುಡಿಮೆ ಎಷ್ಟು ಎಂದು ವಿದ್ವಾಂಸರು ಈಗಲೂ ವಾದಿಸುತ್ತಿದ್ದಾರೆ. ಯಾರ ಬೆವರು, ಯಾರ ಲಾಭ ಎನ್ನುವ ಪ್ರಶ್ನೆಯನ್ನು ಲೋಕಕ್ಕೆಲ್ಲ ಕೇಳಿದವನಿಗೇ ಆ ಪ್ರಶ್ನೆ ತಿರುಗಿ ಬಂದಿದೆ. ನ್ಯಾಯವೇ.

ಸತ್ತ ಮೇಲಿನ ಕತೆ ಇನ್ನೂ ವಿಚಿತ್ರ. ನ್ಯೂಯಾರ್ಕಿನ ಒಂದು ಚಿಕ್ಕ ಥಿಯೇಟರಿನಲ್ಲಿ ‘ಮೂರು ಕಾಸಿನ ಅಪೆರಾ’ 1954ರಲ್ಲಿ ಆರಂಭವಾಗಿ, ನಡುವೆ ನಿಂತು, 1955ರಿಂದ 1961ರವರೆಗೆ ಮತ್ತೆ ನಡೆದು, 2,500ಕ್ಕೂ ಹೆಚ್ಚು ಪ್ರಯೋಗ ಕಂಡಿತು. ಅದರ ಕೊಲೆಗಾರನ ಹಾಡನ್ನು ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ. 1959ರಲ್ಲಿ ಬಾಬಿ ಡಾರಿನ್ ಹಾಡಿದ ರೆಕಾರ್ಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಮಹಾಗನಿಯ ‘ಅಲಬಾಮಾ’ ಹಾಡನ್ನು 1967ರಲ್ಲಿ ‘ದ ಡೋರ್ಸ್’ ತಂಡದವರು ಹಾಡಿದರು. ಕೊನೆಗೆ 1980ರ ದಶಕದ ಉತ್ತರಾರ್ಧದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಕಂಪನಿ ಅದೇ ಕೊಲೆಗಾರನ ಹಾಡಿನ ಮಟ್ಟಿಗೆ ಬೇರೆ ಮಾತು ಹಾಕಿ, ಚಂದ್ರನ ಮುಖವಾಡ ಹಾಕಿದ ಒಬ್ಬ ಪಿಯಾನೋ ವಾದಕನಿಂದ ಹಾಡಿಸಿ, ರಾತ್ರಿ ಊಟಕ್ಕೆ ಹ್ಯಾಂಬರ್ಗರ್ ತಿನ್ನಲು ಬನ್ನಿ ಎಂದು ಜಾಹೀರಾತು ಮಾಡಿತು. ಮಹಾಗನಿಯಂತೂ 1979ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾಕ್ಕೆ, ಬ್ರೆಕ್ಟ್‌ನ ಶತಮಾನದ ವರ್ಷ 1998ರಲ್ಲಿ ಸಾಲ್ಜ್‌ಬರ್ಗ್ ಉತ್ಸವಕ್ಕೆ ಹೋಯಿತು. ಎರಡೂ ಸಾಹುಕಾರರು ಒಳ್ಳೆಯ ಬಟ್ಟೆ ಹಾಕಿಕೊಂಡು ಬರುವ ಜಾಗಗಳು.

ಹಾಗಾದರೆ ಬ್ರೆಕ್ಟ್ ಸೋತನೆ? ಪೇಟೆ ಕೊಂಡದ್ದು ಏನನ್ನು ಅಂತ ಒಂದು ಸಲ ಸರಿಯಾಗಿ ನೋಡಬೇಕು. ಅದು ಕೊಂಡದ್ದು ಹಾಡನ್ನು. ಹಾಡನ್ನು ನಾಟಕದಿಂದ ಬಿಡಿಸಿ ತೆಗೆಯಬಹುದು, ಮಾತು ಬದಲಾಯಿಸಬಹುದು, ಮಾರಬಹುದು. ಆದರೆ ಮಹಾಗನಿಯ ನ್ಯಾಯಾಲಯದ ದೃಶ್ಯವನ್ನು ಯಾವ ಕಂಪನಿ ಜಾಹೀರಾತಿಗೆ ಬಳಸೀತು? ಬಿಲ್ಲು ಕೊಡದವನಿಗೆ ಮರಣದಂಡನೆ ಎನ್ನುವ ತೀರ್ಪು ಹಿಡಿದು ಯಾವ ಸರಕನ್ನು ಮಾರಲಾದೀತು? ಹಾಡು ಬಿಕರಿಯಾಯಿತು, ಲೆಕ್ಕ ಬಿಕರಿಯಾಗಲಿಲ್ಲ. ಬ್ರೆಕ್ಟ್ ಪ್ರೇಕ್ಷಕನಿಂದ ಕೇಳಿದ್ದೂ ಆ ಲೆಕ್ಕವನ್ನೇ.

ನಮ್ಮಲ್ಲಿ ‘ಮೂರು ಕಾಸಿನ’ ನಾಟಕ ಚೆನ್ನಾಗಿಯೇ ನೆಲೆಯೂರಿದೆ. 1970ರಲ್ಲಿ ದಿಲ್ಲಿಯ ನಾಟಕ ಶಾಲೆಯಲ್ಲಿ ಜರ್ಮನಿಯ ಫ್ರಿಟ್ಜ್ ಬೆನೆವಿಟ್ಜ್ ಅದನ್ನು ಆಡಿಸಿದರು. 1978ರಲ್ಲಿ ಪುಣೆಯ ಥಿಯೇಟರ್ ಅಕಾಡೆಮಿಯವರು ಪು.ಲ. ದೇಶಪಾಂಡೆಯವರ ‘ತೀನ್ ಪೈಶಾಚಾ ತಮಾಶಾ’ ಆಡಿದರು. ನಿರ್ದೇಶನ ಜಬ್ಬಾರ್ ಪಟೇಲರದು. ಕನ್ನಡದಲ್ಲಿ ಸುಬ್ಬಣ್ಣನವರ ‘ಮೂರು ಕಾಸಿನ ಸಂಗೀತ ನಾಟಕ’ ಇದೆ. ಮಹಾಗನಿಯ ಹೆಸರು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ದೊಡ್ಡ ವಾದ್ಯಮೇಳ, ಹಾಡುವ ಗಾಯಕರು ಬೇಕು ಎನ್ನುವುದು ಕಾರಣವಿರಬಹುದು. ಆದರೆ ಆ ನ್ಯಾಯಾಲಯದ ದೃಶ್ಯಕ್ಕೆ ಒಂದು ಮೇಜು, ನಾಲ್ಕು ಕುರ್ಚಿ, ಒಂದು ದರಪಟ್ಟಿಯ ಹಲಗೆ ಸಾಕು. ಕಾಲೇಜಿನ ಹುಡುಗರ ಕೈಯಲ್ಲಿ ಆಗದ ಕೆಲಸವೇನಲ್ಲ.

ನಾಟಕ ಆಡಬೇಕೆಂದರೆ ನಾವೂ ಟಿಕೆಟ್ ಮಾರುತ್ತೇವೆ, ಸ್ಮರಣಸಂಚಿಕೆಗೆ ಅಂಗಡಿಯವರಿಂದ ಜಾಹೀರಾತು ತರುತ್ತೇವೆ, ಮೊದಲ ಸಾಲಿನ ಕುರ್ಚಿಗಳನ್ನು ಹಣ ಕೊಟ್ಟವರಿಗೆ ಕಾದಿರಿಸುತ್ತೇವೆ. ಇದರಲ್ಲಿ ನಾಚಿಕೆಪಡುವುದೇನಿಲ್ಲ, ಬ್ರೆಕ್ಟ್ ಕೂಡ ಪೇಟೆಯ ಹೊರಗೆ ನಿಂತವನಲ್ಲ. ಆದರೆ ಮಹಾಗನಿಯನ್ನು ಆಡುವ ದಿನ, ಹೊರಗೆ ಗೇಟಿನಲ್ಲಿ ಟಿಕೆಟ್ ಹರಿಯುವ ನಮ್ಮ ಹುಡುಗನನ್ನೇ ಮೋಸೆಸ್‌ನ ಪಾತ್ರಕ್ಕೆ ಹಾಕಬೇಕು. ಒಳಗಿನ ನ್ಯಾಯಾಲಯಕ್ಕೂ ಟಿಕೆಟ್ ಮಾರಲು ಅವನೇ ಬರಲಿ.